ಪರದೆಯ ಪಕ್ಕದ ಕುರ್ಚಿ

"ಇವತ್ತು ನಾನೂ ಬರ್ತೇನೆ" ಎಂದು ಜಲಜಾಕ್ಷಿ ಹೇಳಿದ್ದು ಬೆಳಗಿನ ಗಂಜಿ ಬಡಿಸುತ್ತಿದ್ದಾಗ. ಹೇಳಿದವಳೇ ಚಟ್ನಿ ತರಲು ಒಳಗೆ ಹೋದಳು. ಎಲ್ಲಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಭಾನುವಾರ ಬೆಳಿಗ್ಗೆ ಸಂಕಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೋಗುವ ಜಾಗ ಒಂದೇ, ಚಿತ್ರ ಮಂಡಳಿಯ ಸಿನೆಮಾ. ಯಾಕೆ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಎರಡು ಮೂರು ಸಲ ಅವನ ತಾಳಮದ್ದಳೆ ಕೇಳಲು ಬಂದು, ಹೆಂಗಸರ ಚಾಪೆಯ ಮೂಲೆಯಲ್ಲಿ ಕೂತು, ಮುಗಿದ ಮೇಲೆ ಚೆನ್ನಾಗಿತ್ತು ಎಂದಾಗಲಿ ಇಲ್ಲವೆಂದಾಗಲಿ ಹೇಳದೆ ಮನೆಗೆ ನಡೆದ ಈ ಹೆಂಗಸು ಆಮೇಲೆ ಅವನು ಮಾತಾಡುವ ಯಾವ ಸಭೆಗೂ ಬಂದವಳಲ್ಲ. ಗಂಜಿ ಮುಗಿಯುವಷ್ಟರಲ್ಲಿ ಸಂಕಪ್ಪನ ತಲೆಯಲ್ಲಿ ಕಾರಣಗಳು ಒಂದೊಂದಾಗಿ ಎದ್ದು ಕೂತವು. ಯಾರಾದರೂ ಏನಾದರೂ ಚಾಡಿ ಹೇಳಿದರೋ? ಹೋದ ಸಲ ಪರದೆಯ ಮೇಲೆ ಗಂಡು ಹೆಣ್ಣು ತುಟಿಗೆ ತುಟಿ ಇಟ್ಟಾಗ, ಇದು ಆ ದೇಶದ ನಮಸ್ಕಾರ ಎಂದು ತಾನು ಹೇಳಿ ಸಭೆಯನ್ನೆಲ್ಲ ನಗಿಸಿದ ಸುದ್ದಿ ಮನೆಯ ತನಕ ಬಂತೋ? ಅಥವಾ ಸುಮ್ಮನೆ, ಬೇಸರಕ್ಕೆ? ಚಟ್ನಿ ಬಡಿಸಲು ಬಂದವಳ ಮುಖವನ್ನು ಕದ್ದು ನೋಡಿದ. ಆ ಮುಖದಲ್ಲಿ ಎಂದಿನಂತೆ ಏನೂ ಬರೆದಿರಲಿಲ್ಲ. ಕುಮಾರವ್ಯಾಸನ ಪದ್ಯವನ್ನು ಹೈಸ್ಕೂಲು ಹುಡುಗರಿಗೆ ನಾಲ್ಕು ಬಗೆಯಲ್ಲಿ ಬಿಡಿಸಿ ತೋರಿಸುವ ಕನ್ನಡ ಪಂಡಿತ ಸಂಕಪ್ಪ ಮಾಸ್ಟ್ರಿಗೆ ಇದು ಯಾವಾಗಲೂ ಒಂದು ಸಣ್ಣ ಅವಮಾನವೇ.

ಜೈನಪೇಟೆಯ ದಾರಿಯಲ್ಲಿ ಅವನು ಮುಂದೆ, ಅವಳು ನಾಲ್ಕು ಮಾರು ಹಿಂದೆ. ಮೂಡಬಿದ್ರೆಯಲ್ಲಿ ಚಿತ್ರ ಮಂಡಳಿ ಎಂಬ ಹೆಸರು ಹುಟ್ಟಿದ್ದೇ ಕಾಲೇಜಿಗೆ ಹೊಸದಾಗಿ ಬಂದ ಇಂಗ್ಲಿಷ್ ಲೆಕ್ಚರರ್ ರಮಾನಾಥನಿಂದ. ಕುಣಿತ, ಕತ್ತಿವರಸೆ ಇಲ್ಲದ ಸಿನೆಮಾಗಳೂ ಪ್ರಪಂಚದಲ್ಲಿ ಉಂಟು, ಅವನ್ನು ನಮ್ಮವರೂ ನೋಡಬೇಕು ಎಂಬುದು ಅವನ ಹುಚ್ಚು. ಮದ್ರಾಸಿನಲ್ಲಿರುವ ಯಾವ್ಯಾವುದೋ ದೇಶಗಳ ಕಚೇರಿಗಳಿಗೆ ಬರೆದು ಬರೆದು ಸಿನೆಮಾ ರೀಲಿನ ಡಬ್ಬಿಗಳನ್ನು ತರಿಸುತ್ತಿದ್ದ. ಅಬ್ದುಲ್ ಶುಕೂರ್ ಸಾಹುಕಾರರು ತಮ್ಮ ಜಿಂಕ್ ಶೀಟಿನ ಟಾಕೀಸನ್ನು ಭಾನುವಾರ ಬೆಳಗಿನ ಹೊತ್ತು ಬಿಟ್ಟುಕೊಟ್ಟಿದ್ದರು. ಶೀಟಿನ ತೂತುಗಳಿಗೆ ಗೋಣಿ ತುರುಕಿ, ಕಿಟಕಿಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟು ಕತ್ತಲೆ ಮಾಡಬೇಕು. ಆದರೆ ಮೊದಲ ಎರಡು ಆಟಗಳಲ್ಲಿ ಅರ್ಧಕ್ಕೇ ಜನ ಎದ್ದು ಹೋದರು. ಭಾಷೆ ತಿಳಿಯದಿದ್ದರೆ ಯಾರು ಎಷ್ಟು ಹೊತ್ತು ಕೂತಾರು? ಆಗ ರಮಾನಾಥ ಸಂಕಪ್ಪನನ್ನು ಹುಡುಕಿಕೊಂಡು ಬಂದಿದ್ದ. ಪರದೆಯ ಪಕ್ಕದಲ್ಲಿ ಒಂದು ಕುರ್ಚಿ. ಡಬ್ಬಿಯ ಜೊತೆ ಬರುವ ಇಂಗ್ಲಿಷ್ ಕಥಾಸಾರವನ್ನು ಮೊದಲೇ ತಿಳಿದುಕೊಂಡು, ಸಂಕಪ್ಪ ಆ ಕುರ್ಚಿಯಲ್ಲಿ ಕೂತು, ಪರದೆಯ ಮೇಲಿನವರಿಗೆಲ್ಲ ತಾನೇ ಅರ್ಥ ಹೇಳುವುದು. ಅವನು ಬಲಗೈ ಎತ್ತಿದರೆ ಹಿಂದೆ ಮಿಷನ್ನಿನ ಹತ್ತಿರ ನಿಂತ ಮಮ್ಮು ಶಬ್ದವನ್ನು ತಗ್ಗಿಸುತ್ತಾನೆ. ಕೈ ಇಳಿಸಿದರೆ ಏರಿಸುತ್ತಾನೆ. ಜನ ಬಂದರು. ಈಗೀಗ ಬಂಟ್ವಾಳದಿಂದ, ಬೆಳ್ತಂಗಡಿಯಿಂದಲೂ ಬಸ್ಸು ಹಿಡಿದು ಬರುವವರಿದ್ದರು. ಸಿನೆಮಾ ನೋಡಲು ಅಲ್ಲ, ಮಾಸ್ಟ್ರ ಅರ್ಥ ಕೇಳಲು ಎಂದು ಅವರಲ್ಲಿ ಕೆಲವರು ಎದುರಿಗೇ ಹೇಳಿದ್ದುಂಟು. ಸಂಕಪ್ಪ ಆಗ ಛೆ ಛೆ ಎನ್ನುತ್ತಿದ್ದ, ಒಳಗೊಳಗೆ ಉಬ್ಬುತ್ತಿದ್ದ.

"ಓ, ಅಕ್ಕನೂ ಬಂದಿದ್ದಾರಾ!" ಎಂದು ಬಾಗಿಲಲ್ಲೇ ಶುಕೂರ್ ಸಾಹುಕಾರರು ಎದುರಾದರು. "ಬನ್ನಿ, ಬನ್ನಿ. ಹೆಂಗಸರ ಕಡೆ ಫ್ಯಾನಿನ ಅಡಿಯಲ್ಲಿ ಕೂತ್ಕೊಳ್ಳಿ. ಅದು ತಿರುಗುವುದಿಲ್ಲ, ಆದ್ರೂ ಅಡಿಯಲ್ಲಿ ಕೂತ್ರೆ ಒಂದು ಸಮಾಧಾನ ಅಲ್ವಾ?"

ಜಲಜಾಕ್ಷಿ ನಕ್ಕಳು. ಹೆಂಡತಿ ಹೀಗೆ ಹಲ್ಲು ಕಾಣುವ ಹಾಗೆ ನಗುವುದನ್ನು ತಾನು ನೋಡಿ ಎಷ್ಟು ಕಾಲವಾಯಿತು ಎಂದು ಸಂಕಪ್ಪ ಯೋಚಿಸುತ್ತಿರುವಾಗಲೇ ರಮಾನಾಥ ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಮಾಸ್ಟ್ರೇ, ದೊಡ್ಡ ಎಡವಟ್ಟಾಯ್ತು. ಕಥಾಸಾರದ ಕಾಗದದಲ್ಲಿ ಅಣೆಕಟ್ಟು ಕಟ್ಟುವ ಕಥೆ ಉಂಟು. ಈಗ ಒಂದು ರೀಲು ಹಾಕಿ ನೋಡಿದೆವು. ಅಣೆಕಟ್ಟೂ ಇಲ್ಲ, ಹೊಳೆಯೂ ಇಲ್ಲ. ಬರೀ ಒಂದು ಅಡುಗೆಮನೆ. ಡಬ್ಬಿಯೇ ಬೇರೆ ಬಂದಿದೆ."

"ಯಾವ ಭಾಷೆ?"

"ಹಂಗೇರಿಯದ್ದಿರಬೇಕು. ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. ಜನ ಬಂದು ಕೂತಾಗಿದೆ. ಏನು ಮಾಡುವ?"

"ಮಾಡ್ಲಿಕ್ಕೇನುಂಟು ಮಾರಾಯ್ರೆ? ಹೇಳುವ" ಎಂದ ಸಂಕಪ್ಪ. ಹೇಳುವಾಗ ದನಿ ಸ್ವಲ್ಪ ದೊಡ್ಡದೇ ಆಯಿತು; ಹೆಂಗಸರ ಬೆಂಚಿನ ತನಕ ಕೇಳಲಿ ಎಂಬ ಆಸೆ ಅದರಲ್ಲಿ ಇತ್ತೆಂದು ಅವನಿಗೇ ಗೊತ್ತಾಗಿ ನಾಚಿಕೆಯಾಯಿತು.

ದೀಪ ಆರಿತು. ಪರದೆಯ ಮೇಲೆ ಒಬ್ಬಳು ಹೆಂಗಸು ಮೇಜಿನ ಮುಂದೆ ಕೂತು ಬಟಾಟೆ ಸುಲಿಯುತ್ತಿದ್ದಳು. ಸುಲಿದಳು, ಇನ್ನೊಂದು ಎತ್ತಿಕೊಂಡಳು, ಸುಲಿದಳು. ಹಿಂದೆ ಕಬ್ಬಿಣದ ಒಲೆ, ಕಿಟಕಿಯಾಚೆ ಬೆಳ್ಳಗೆ ಸುರಿಯುವ ಹಿಮ. ಜನ ಮಿಸುಕಾಡಿದರು. ಸಂಕಪ್ಪ ಗಂಟಲು ಸರಿಮಾಡಿಕೊಂಡು, ಇವಳು ಗಂಡನ ದಾರಿ ಕಾಯುತ್ತಿರುವ ಸಾಧ್ವಿ, ಹೊರಗಿನ ಚಳಿಗಿಂತ ಒಳಗಿನ ವಿರಹವೇ ಹೆಚ್ಚು ಎಂದು ಶುರುಮಾಡಿದ. ಪುಣ್ಯಕ್ಕೆ ಸ್ವಲ್ಪ ಹೊತ್ತಿನಲ್ಲಿ ಗಂಡಸೊಬ್ಬ ಪೆಟ್ಟಿಗೆ ಹಿಡಿದುಕೊಂಡು ಒಳಗೆ ಬಂದೇ ಬಂದ. ಸಭೆ 'ಹೋ' ಎಂದಿತು. ಸಂಕಪ್ಪನಿಗೆ ಮೈಯಲ್ಲಿ ಬಿಸಿ ಏರಿತು. ಕೈ ಎತ್ತಿದ, ಹಿಂದಿನಿಂದ ಮಮ್ಮು ಶಬ್ದ ತಗ್ಗಿಸಿದ, ಗಂಡಸಿನ ತುಟಿ ಅಲುಗಿದ್ದಕ್ಕೆ ಸರಿಯಾಗಿ, "ಎಲೈ ಅಂಗನಾಮಣಿ, ದೈವಗತಿಯಿಂದ ದೂರವಾಗಿದ್ದ ನಿನ್ನ ಪತಿ ಇದೋ ಹೊಸ್ತಿಲು ದಾಟಿ ಬಂದಿದ್ದಾನೆ, ಕಣ್ಣೆತ್ತಿ ನೋಡಬಾರದೇ?" ಎಂದ. ಬಟಾಟೆ ಸುಲಿಯುವವಳು ನಿಜವಾಗಿಯೂ ಕಣ್ಣೆತ್ತಿ ನೋಡಿದಳು. ಚಪ್ಪಾಳೆ ಬಿತ್ತು. ಇದು ಅವನು ಬಲ್ಲ ಕೆಲಸ. ತಾಳಮದ್ದಳೆಯಲ್ಲಿ ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಉಳಿಯುವ ಖಾಲಿ ಜಾಗ ಅರ್ಥಧಾರಿಯದ್ದು, ಅದನ್ನು ತುಂಬದೆ ಬಿಟ್ಟವನು ಸೋತ ಎಂದು ಅವನ ಗುರುಗಳು ಹೇಳಿಕೊಟ್ಟಿದ್ದರು. ಎದುರಾಳಿ ತಬ್ಬಿಬ್ಬಾಗಿ ಒಂದು ಗಳಿಗೆ ಸುಮ್ಮನಾದರೂ ಸಾಕು, ಆ ಮೌನವನ್ನೇ ಹಿಡಿದು, 'ಮೌನವಾದೆಯಾ? ಹಾಗಾದರೆ ಒಪ್ಪಿದ ಹಾಗಾಯಿತು' ಎಂದು ಮಾತು ಕಟ್ಟುವುದರಲ್ಲಿ ಸಂಕಪ್ಪನನ್ನು ಮೀರಿಸುವವರು ಈ ಸೀಮೆಯಲ್ಲಿ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಬಂಟ್ವಾಳ ದಾರಿಯ ಸಿದ್ಧಕಟ್ಟೆಯಲ್ಲಿ, ಜಲಜಾಕ್ಷಿಯ ತವರಿನ ಚಾವಡಿಗೆ ಅವನನ್ನು ಕರೆಸಿದ್ದೂ ಅದಕ್ಕೇ. ಅಳಿಯಕಟ್ಟಿನ ಮನೆ ಅದು. ಆಸ್ತಿ ತಾಯಿಯಿಂದ ಮಗಳಿಗೆ. ಅಲ್ಲಿ ಮಗಳ ಗಂಡನಿಗೆ ಒಳ್ಳೆಯ ಊಟ ಉಂಟು, ಮಾತಾಡುವ ಹಕ್ಕಿಲ್ಲ. ಆದರೆ ಪಾಲಿನ ಮಾತುಕತೆ ಕಗ್ಗಂಟಾಗಿ, ಅಕ್ಕತಂಗಿಯರ ಮಕ್ಕಳು ಒಬ್ಬರ ಮುಖ ಒಬ್ಬರು ನೋಡದಂತಾದಾಗ, ಜಲಜಾಕ್ಷಿಯ ತಾಯಿಯ ಅಣ್ಣ, ಯಜಮಾನ ಚಿನ್ನಯ್ಯ ಮಾವನೇ ಹೇಳಿ ಕಳಿಸಿದ್ದ, ನಾಲ್ಕು ಒಳ್ಳೆಯ ಮಾತು ಹೇಳುವವರು ಬೇಕು, ಸಂಕಪ್ಪ ಬರಲಿ ಎಂದು. ಜಲಜಾಕ್ಷಿ ಅಡುಗೆಮನೆಯ ಬಾಗಿಲ ದಾರಂದಕ್ಕೆ ಭುಜ ಕೊಟ್ಟು ನಿಂತಿದ್ದಳು. ನೀರು ನಿಲ್ಲುವ ಬೈಲು ಗದ್ದೆ ತಾಯಿಯ ಕಡೆಯಿಂದ ಅವಳ ಕವಲಿಗೆ ಬರಬೇಕಾದದ್ದು. ಅದನ್ನು ಮನೆಯ ಜೊತೆಗೇ ಚಿನ್ನಯ್ಯ ಮಾವನಿಗೆ ಬಿಟ್ಟು, ಗುಡ್ಡೆಯ ಬದಿಯ, ಮಳೆಯನ್ನೇ ನಂಬಿದ ಬೆಟ್ಟು ಗದ್ದೆಯನ್ನು ಅವಳು ತೆಗೆದುಕೊಳ್ಳುವುದಾದರೆ ಎಲ್ಲ ಸಲೀಸು. "ಏನು ಹೇಳ್ತಿ ಮಗಾ?" ಎಂದು ಚಿನ್ನಯ್ಯ ಮಾವ ಕೇಳಿದ್ದು ಅವಳನ್ನು. ಚಾವಡಿಯ ಜನರೆಲ್ಲ ಬಾಗಿಲ ಕಡೆ ತಿರುಗಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಉಸಿರೆಳೆದುಕೊಂಡಳು. ಖಾಲಿ ಜಾಗ. ಸಂಕಪ್ಪ ಎದ್ದು ನಿಂತ. ಹೆಣ್ಣಿಗೆ ತವರೆಂದರೆ ಗದ್ದೆಯಲ್ಲ, ತವರಿನವರ ನಗುಮುಖ ಎಂದು ಶುರುಮಾಡಿ, ನನ್ನ ಹೆಂಡತಿಯ ಮನಸ್ಸು ನನಗೆ ಗೊತ್ತಿಲ್ಲವೇ, ಅವಳಿಗೆ ಪೂರ್ಣ ಒಪ್ಪಿಗೆ ಉಂಟು ಎಂದು ಮುಗಿಸುವಷ್ಟರಲ್ಲಿ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು, ಚಿನ್ನಯ್ಯ ಮಾವ ಅವನನ್ನು ತಬ್ಬಿಕೊಂಡಿದ್ದ. ಪಾಯಸದ ಊಟವಾಯಿತು. ದಾರಂದದ ಹತ್ತಿರ ಆಮೇಲೆ ಯಾರೂ ನೋಡಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕೆಳತುಟಿ ಒಳಕ್ಕೆಳೆದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಆಯಾಸವಾಗಿರಬೇಕು ಎಂದು ಅವನು ಅದಕ್ಕೂ ಒಂದು ಅರ್ಥ ಹೇಳಿಕೊಂಡಿದ್ದ.

ಈಗ ಪರದೆಯ ಗಂಡಸು ಮೇಜಿನ ಆಚೆ ಕೂತು ಮಾತಾಡುತ್ತಲೇ ಇದ್ದ. ಕೈ ತಿರುಗಿಸಿ ತಿರುಗಿಸಿ ಏನನ್ನೋ ಒಪ್ಪಿಸುತ್ತಿದ್ದ, ನಡುನಡುವೆ ಮುಖ ಮುಚ್ಚಿಕೊಳ್ಳುತ್ತಿದ್ದ. ಸಂಕಪ್ಪ ಅವನ ಬಾಯಲ್ಲಿ ಯುದ್ಧವನ್ನೂ ಸೆರೆಮನೆಯನ್ನೂ ಹೇಳಿಸಿದ, ಕೊನೆಗೆ ಕ್ಷಮೆ ಕೇಳಿಸಿದ. ಗಂಡಸು ಮಾತು ನಿಲ್ಲಿಸಿ ಹೆಂಗಸನ್ನು ನೋಡಿದ. ಪರದೆಯ ತುಂಬ ಅವಳ ಮುಖ ಬಂತು. ಬಟಾಟೆ ಸುಲಿಯುವ ಕೈ ನಿಂತಿತ್ತು. ಅಷ್ಟೇ, ಮತ್ತೇನೂ ಆಗಲಿಲ್ಲ. ಮುಖ ಅಲ್ಲೇ ಇತ್ತು. ಮಿಷನ್ನಿನ ಕಟಕಟ ಬಿಟ್ಟರೆ ಟಾಕೀಸಿನಲ್ಲಿ ಸದ್ದಿಲ್ಲ. ಕೈ ಎತ್ತುವ ಅಗತ್ಯವೂ ಇರಲಿಲ್ಲ, ತಗ್ಗಿಸಲು ಶಬ್ದವೇ ಇಲ್ಲವಲ್ಲ. ಸಂಕಪ್ಪ ಎದೆ ತುಂಬ ಉಸಿರು ತೆಗೆದುಕೊಂಡ.

"ಪ್ರಾಣನಾಥಾ, ಕ್ಷಮೆಯ ಮಾತೇಕೆ? ನಿಮ್ಮ ಸುಖದಲ್ಲೇ ನನ್ನ ಸುಖ. ಹೋದದ್ದೆಲ್ಲ ಹೋಯಿತು. ನನ್ನ ಮನಸ್ಸಿನಲ್ಲಿ ಎಳ್ಳಷ್ಟೂ ನೋವಿಲ್ಲ..."

"ಅವಳು ಬಾಯಿ ತೆರೆಯಲೇ ಇಲ್ಲವಲ್ಲ."

ದನಿ ದೊಡ್ಡದಾಗಿರಲಿಲ್ಲ. ಅಕ್ಕಿ ಆರಿಸುತ್ತ ಪಕ್ಕದಲ್ಲಿ ಕೂತವರಿಗೆ ಹೇಳುವಂಥ ದನಿ. ಆದರೆ ಆ ನಿಶ್ಶಬ್ದದಲ್ಲಿ ಅದು ಪರದೆಯ ತನಕ ಬಂತು. ಆ ದನಿ ಯಾರದ್ದೆಂದು ಸಂಕಪ್ಪನಿಗೆ ತಿಳಿದದ್ದು ಒಂದು ಗಳಿಗೆ ತಡವಾಗಿ, ಮಧ್ಯಾಹ್ನದ ಪೇಟೆಯಲ್ಲಿ ಯಾರೋ ಹೆಸರು ಹಿಡಿದು ಕರೆದಾಗ ಆಗುವಂತೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲ ಕಡೆಯಿಂದಲೂ ನಗು ಬಂತು, ಬಾಗಿಲ ಹತ್ತಿರದಿಂದ ಶುಕೂರ್ ಸಾಹುಕಾರರು, "ಅಕ್ಕ ಹೇಳಿದ್ದು ಹೌದಲ್ಲ ಮಾಸ್ಟ್ರೇ, ಅವಳು ಮಾತಾಡ್ಲೇ ಇಲ್ಲ" ಎಂದರು. ಕತ್ತಲೆಯಿದ್ದದ್ದು ಪುಣ್ಯ, ಸಂಕಪ್ಪನ ಕಿವಿ ಕೆಂಡವಾಗಿತ್ತು. ಮರ್ಯಾದೆ ಹೋಯಿತು ಎನಿಸಿದ್ದು ನಿಜ, ಸಿಟ್ಟು ಬಂದದ್ದೂ ನಿಜ. ಎದುರಾಳಿ ಅಡ್ಡಮಾತು ಹಾಕಿದರೆ ತಿರುಗಿಸಿ ಕೊಡಲು ಅವನಲ್ಲಿ ಯಾವಾಗಲೂ ಮೂರು ಮಾತು ಸಿದ್ಧವಿರುತ್ತಿದ್ದವು, ಈಗಲೂ ಇದ್ದವು. ಸತಿಯರು ಕಣ್ಣಿನಲ್ಲೇ ಮಾತಾಡುತ್ತಾರೆ ಎಂದರೆ ಸಾಕು, ಸಭೆ ಮತ್ತೆ ಕೈಗೆ ಬರುತ್ತದೆ. ಹೇಳಲು ಹೊರಟವನು, ಹೇಳುವ ಮೊದಲು ತಾನು ಯಾರ ಪರವಾಗಿ ಹೇಳುತ್ತಿದ್ದೇನೋ ಅವಳನ್ನೊಮ್ಮೆ ನೋಡುವ ಎಂದು ಪರದೆಯತ್ತ ತಿರುಗಿದ. ಇಷ್ಟು ದಿನ ಪರದೆಯ ಪಕ್ಕದಲ್ಲೇ ಕೂತರೂ ಅವನು ಮುಖ ಮಾಡಿರುತ್ತಿದ್ದುದು ಸಭೆಯ ಕಡೆಗೆ.

ಆ ಮುಖದಲ್ಲಿ ಕ್ಷಮೆ ಇರಲಿಲ್ಲ. ಸಿಟ್ಟೂ ಇರಲಿಲ್ಲ. ಏನಿತ್ತು? ಕೆಳತುಟಿ ಒಂದಿಷ್ಟು ಒಳಕ್ಕೆ ಎಳೆದುಕೊಂಡಿತ್ತು, ಹೇಳಲು ಏನೋ ಇದ್ದು ಅದನ್ನು ಅಲ್ಲೇ ಹಿಡಿದಿಟ್ಟುಕೊಂಡವರ ಹಾಗೆ. ಸಂಕಪ್ಪನಿಗೆ ಅದು ಏನೆಂದು ಗೊತ್ತಾಗಲಿಲ್ಲ, ಮತ್ತು ಗೊತ್ತಾಗಲಿಲ್ಲ ಎಂಬುದೇ ವಿಚಿತ್ರವಾದ ಕುತೂಹಲ ಹುಟ್ಟಿಸಿತು. ಅವನು ಸುಮ್ಮನೆ ಕೂತ. ಮಮ್ಮು ಅವನ ಕೈಗೆ ಕಾದು ಕಾದು, ಕೊನೆಗೆ ತಾನೇ ಶಬ್ದ ಏರಿಸಿದ. ಒಲೆಯ ಚಟಪಟ ಕೇಳಿಸಿತು, ಗೋಡೆಯ ಗಡಿಯಾರ ಕೇಳಿಸಿತು. ಇಷ್ಟು ಹೊತ್ತೂ ಅವು ಇದ್ದವೇ? ಗಂಡಸು ಮತ್ತೆ ಏನೋ ಅಂದ. ಅವನ ದನಿ ಒಡೆದ ದನಿಯಾಗಿತ್ತು, ಸಂಕಪ್ಪ ಕೊಟ್ಟ ಕಂಚಿನ ಕಂಠಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಹೆಂಗಸು ಎದ್ದು, ಕೋಟು ಹಾಕಿಕೊಂಡು, ಬಾಗಿಲು ತೆರೆದು ಹಿಮದೊಳಕ್ಕೆ ನಡೆದಳು. ಗಂಡಸು ಕೂತೇ ಇದ್ದ. ಹೋದಳೋ ಬರುವಳೋ ಎಂದು ಇಡೀ ಟಾಕೀಸು ಆ ತೆರೆದ ಬಾಗಿಲನ್ನೇ ನೋಡಿತು. ಬಹಳ ಹೊತ್ತಿನ ಮೇಲೆ ಅವಳು ಸೌದೆಯ ಹೊರೆ ಹೊತ್ತು ಒಳಗೆ ಬಂದು, ಎರಡು ಕೊಳ್ಳಿ ಒಲೆಗೆ ಇಟ್ಟು, ಗಂಡಸಿಗೆ ಬೆನ್ನು ಹಾಕಿ ಕೈ ಕಾಸಿಕೊಳ್ಳುತ್ತ ನಿಂತಳು. ಅಲ್ಲಿಗೆ ಮುಗಿಯಿತು.

ಆಟದ ನಂತರ ಚಹಾ ಮತ್ತು ಬನ್ನು, ಅದರ ಜೊತೆಗೆ ಚರ್ಚೆ ಎಂದು ರಮಾನಾಥ ಪ್ರತಿ ಸಲವೂ ಹಲಗೆಯಲ್ಲಿ ಬರೆಯುತ್ತಿದ್ದ. ಬನ್ನು ಖರ್ಚಾಗುತ್ತಿತ್ತು, ಚರ್ಚೆ ನಡೆದದ್ದಿಲ್ಲ. ಎಲ್ಲವನ್ನೂ ಮಾಸ್ಟ್ರು ಹೇಳಿದ ಮೇಲೆ ಉಳಿದವರು ಹೇಳುವುದೇನು? ಇವತ್ತು ಜನ ಅಂಗಳದಿಂದ ಕದಲಲಿಲ್ಲ. ಸೌದೆ ತಂದಳೆಂದರೆ ಅವನನ್ನು ಸೇರಿಸಿಕೊಂಡಳು ಎಂದು ಒಬ್ಬರು. ಅವಳಿಗೆ ಚಳಿಯಾಯಿತು, ಅವಳಿಗೆ ತಂದುಕೊಂಡಳು, ಇವನಿಗೇನು ಎಂದು ಇನ್ನೊಬ್ಬರು. ಶುಕೂರ್ ಸಾಹುಕಾರರ ಹೆಂಡತಿ ಸಫಿಯಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ, "ಮನೆ ಅವಳದ್ದಲ್ವಾ? ಒಲೆ ಆರ್ಲಿಕ್ಕೆ ಯಾಕೆ ಬಿಡ್ತಾಳೆ?" ಎಂದರು. ರಮಾನಾಥನ ಮುಖ ಹಬ್ಬವಾಗಿತ್ತು. "ಇವತ್ತು ನೋಡಿ ಮಾಸ್ಟ್ರೇ, ನಮ್ಮ ಮಂಡಳಿ ನಿಜವಾಗಿ ಶುರುವಾದದ್ದು" ಎಂದವನು, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಸಂಕಪ್ಪ ಬನ್ನನ್ನು ಚಹಾಕ್ಕೆ ಅದ್ದಿ ಅದ್ದಿ, ಅದು ಗ್ಲಾಸಿನೊಳಗೇ ಕಳಚಿ ಬೀಳುವ ತನಕ ನೋಡುತ್ತ ನಿಂತಿದ್ದ. ಅವಮಾನ ಆಗಿರಲಿಲ್ಲ ಎಂದಲ್ಲ. ಆದರೆ ಅದರ ಅಡಿಯಿಂದ ಬೇರೊಂದು ಎದ್ದು ಬರುತ್ತಿತ್ತು. ಆ ಕೆಳತುಟಿಯನ್ನು ಅವನು ಬೇರೆ ಎಲ್ಲೋ ನೋಡಿದ್ದ.

ಮನೆಯ ದಾರಿಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಂಟ್ವಾಳ ರಸ್ತೆ ಸೇರುವಲ್ಲಿನ ಗೋಳಿಮರದ ಕಟ್ಟೆಯ ಹತ್ತಿರ ಸಂಕಪ್ಪ ನಿಂತ. ನಾಲ್ಕು ಮಾರು ಹಿಂದೆ ಅವಳೂ ನಿಂತಳು. ನೀವು ಹೋಗಿ ಎಂಬಂತೆ ನೋಡಿದಳು. ಅವನು ಹೋಗಲಿಲ್ಲ, ಅವಳು ಹತ್ತಿರ ಬರುವ ತನಕ ಕಾದ.

"ಜಲಜಾ, ಅವಳು ಯಾಕೆ ಮಾತಾಡ್ಲಿಲ್ಲ?"

"ನನಗೇನು ಗೊತ್ತು? ಯಾವ ಊರಿನವಳೋ ಏನೋ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಾನು ಹಾಗೆ ಹೇಳ್ಬಾರ್ದಿತ್ತು. ಬಾಯಿಂದ ಬಂದು ಹೋಯ್ತು. ಎಲ್ಲ ನಗಾಡಿದರು."

"ಅದು ಬಿಡು." ಸಂಕಪ್ಪ ಕಟ್ಟೆಯ ಕಲ್ಲಿಗೆ ಕೈ ಊರಿದ. "ಆ ದಿನ ಸಿದ್ಧಕಟ್ಟೆಯಲ್ಲಿ, ಚಿನ್ನಯ್ಯ ಮಾವ ನಿನ್ನನ್ನು ಕೇಳಿದಾಗ... ನಿನ್ನ ಮನಸ್ಸಿನಲ್ಲಿ ಏನಿತ್ತು?"

ಅವಳ ಕೆಳತುಟಿ ಒಂದಿಷ್ಟು ಒಳಕ್ಕೆ ಹೋಯಿತು. ಸಂಕಪ್ಪನೊಳಗಿನ ಅರ್ಥಧಾರಿ ತಟ್ಟನೆ ಎದ್ದು ನಿಂತ: ಗದ್ದೆ ಹೋಯಿತೆಂಬ ದುಃಖ, ಗಂಡನೆದುರು ಆಡಲಾರದ ಸಂಕೋಚ, ಹಳೆಯದನ್ನೇಕೆ ಕೆದಕಬೇಕು ಎಂಬ ಔದಾರ್ಯ. ಬೇಕಾದ ಹಾಗೆ ಹೇಳಿಕೊಡಬಹುದಿತ್ತು. ಹಲ್ಲು ಕಚ್ಚಿ ಸುಮ್ಮನಿದ್ದ. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎತ್ತಿನ ಗಾಡಿಯೊಂದು ಅವರನ್ನು ದಾಟಿ, ತಿರುವಿನಲ್ಲಿ ಮರೆಯಾಯಿತು.

"ನಾನೂ ಆಯ್ತು ಅಂತಲೇ ಹೇಳ್ತಿದ್ದೆ" ಎಂದಳು ಜಲಜಾಕ್ಷಿ.

ಅವನಿಗೆ ದೊಡ್ಡ ಭಾರ ಇಳಿದಂತಾಯಿತು. ಹಾಗಾದರೆ ತಾನು ಹೇಳಿದ್ದು ತಪ್ಪಲ್ಲ. ಆದರೆ ಅವಳು ಇನ್ನೂ ಮುಗಿಸಿರಲಿಲ್ಲ.

"ಹಿಂದಿನ ದಿನ ಇಡೀ ಬಾಯಿಪಾಠ ಮಾಡ್ಕೊಂಡಿದ್ದೆ. ದನದ ಹಟ್ಟಿಯಲ್ಲಿ, ಬಾವಿಕಟ್ಟೆಯಲ್ಲಿ. ನೀವು ತಾಳಮದ್ದಳೆಗೆ ಮೊದಲು ಮಾಡ್ತೀರಲ್ಲ, ಹಾಗೆ. ಅಷ್ಟು ಜನರ ಎದುರು ನಾನು ಯಾವಾಗ ಮಾತಾಡಿದ್ದೇನೆ? ಮಾವ ಕೇಳಿದರು. ಇನ್ನೇನು ಹೇಳ್ಬೇಕು, ನೀವು ಎದ್ದು ನಿಂತಿರಿ." ಅವಳ ದನಿಯಲ್ಲಿ ದೂರು ಇರಲಿಲ್ಲ. "ಆಯ್ತು ಅಂದ ಮೇಲೆ ಇನ್ನೂ ಎರಡು ಮಾತಿತ್ತು. ಇವತ್ತು ಅವಳನ್ನು ನೋಡುವಾಗ ಅದು ನೆನಪಾಯ್ತು."

"ಏನದು?"

"ಅದು ನಿಮಗೆ ಹೇಳ್ಬೇಕಾದದ್ದಲ್ಲ. ಮಾವನಿಗೆ."

ಸಂಕಪ್ಪನಿಗೆ ಎದೆಯಲ್ಲಿ ಚುಚ್ಚಿತು. ನಿಜವಾಗಿ ಚುಚ್ಚಿತು. ಇಷ್ಟು ವರ್ಷ ತನ್ನದೇ ಮನೆಯ ಅಡುಗೆಮನೆಯಲ್ಲಿ, ತನಗೆ ಗಂಜಿ ಬಡಿಸುತ್ತ, ಆಡದೆ ಉಳಿದ ಎರಡು ಮಾತು ಓಡಾಡಿಕೊಂಡಿದ್ದವು. ಕುಮಾರವ್ಯಾಸನಿಗಿಂತ, ಆ ಹಂಗೇರಿಯ ಹೆಂಗಸಿಗಿಂತ ಹೆಚ್ಚಾಗಿ ಆ ಎರಡು ಮಾತುಗಳನ್ನು ತಿಳಿಯಬೇಕೆಂಬ ಆಸೆ ಅವನನ್ನು ಹಿಡಿದು ಅಲ್ಲಾಡಿಸಿತು. ಚಿನ್ನಯ್ಯ ಮಾವನಿಗೆ ಈಗ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಅವಳು ಆ ಚಾವಡಿಯಲ್ಲಿ ನಿಂತು ಮಾತಾಡಿದರೆ, ಅಂದು ಮುದುಕಿಯರ ಕಣ್ಣಲ್ಲಿ ನೀರು ತರಿಸಿದ ಸಂಕಪ್ಪ ಮಾಸ್ಟ್ರು ಬರೀ ಪೊಳ್ಳೆಂದು ಊರಿಗೆಲ್ಲ ಗೊತ್ತಾದೀತು. ಗೊತ್ತಾದರೆ ಆಗಲಿ ಎಂದು ಒಂದು ಮನಸ್ಸು. ಇನ್ನೊಂದು ಮನಸ್ಸು, ಇವತ್ತು ಬಿಸಿಲು ಜೋರುಂಟು, ಇನ್ನೊಂದು ದಿನ ನೋಡುವ ಎಂದು ಹೇಳಿಸಲು ಆಗಲೇ ತುಟಿಯ ತನಕ ಬಂದಿತ್ತು.

ಬಂಟ್ವಾಳದ ಕಡೆ ಹೋಗುವ ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಸಂಕಪ್ಪ ಬಲಗೈ ಎತ್ತಿದ.

ಬಸ್ಸು ನಿಂತಿತು. ಜಲಜಾಕ್ಷಿ ಅವನನ್ನೂ ಬಸ್ಸನ್ನೂ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂದಿನ ಬಾಗಿಲಿನಿಂದ ಹತ್ತಿ ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ, ಮೀನಿನ ಬುಟ್ಟಿಯ ಪಕ್ಕ ನಿಂತ. ಕಂಡಕ್ಟರ್ ರೂಢಿಯಂತೆ ಗಂಡಸಿನ ಹತ್ತಿರವೇ ಬಂದ.

"ಎಲ್ಲಿಗೆ ಮಾಸ್ಟ್ರೇ?"

ಸಂಕಪ್ಪ ಬಾಯಿ ತೆರೆದ. ಆಮೇಲೆ ಮುಚ್ಚಿಕೊಂಡು, ಮುಂದಿನ ಸೀಟಿನ ಕಡೆ ಬೆರಳು ತೋರಿಸಿದ. ಕಂಡಕ್ಟರ್ ಅತ್ತ ತಿರುಗಿದ. ಬಸ್ಸಿನಲ್ಲಿದ್ದವರೂ ಒಬ್ಬಿಬ್ಬರು ತಿರುಗಿದರು. ಜಲಜಾಕ್ಷಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಉಸಿರೆಳೆದುಕೊಂಡಳು.

"ಸಿದ್ಧಕಟ್ಟೆಗೆ" ಎಂದಳು, ಬಸ್ಸಿನವರಿಗೆಲ್ಲ ಕೇಳುವ ಹಾಗೆ. "ಎರಡು ಟಿಕೇಟು."